ಬಯಲುಸೀಮೆಯ ಹೊಳೆಗೆ ನಿಧಾನ ಷಟರ್: ಕೊಪ್ಪಳ, ರಾಯಚೂರು, ಬಳ್ಳಾರಿಯ ಛಾಯಾಗ್ರಾಹಕರಿಗೆ ಸಮಗ್ರ ಮಾರ್ಗದರ್ಶಿ

ಹರಿಯುವ ನೀರನ್ನು ನಿಧಾನ ಷಟರ್‌ನಲ್ಲಿ (ಅಂದರೆ ಕ್ಯಾಮೆರಾದ ಬೆಳಕಿನ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಟ್ಟು) ಹಿಡಿಯುವ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಮಲೆನಾಡಿನ ಲೆಕ್ಕದವು. ಮರಗಳ ದಟ್ಟ ನೆರಳು, ದಿನವಿಡೀ ಕವಿದ ಮೋಡ, ಪಾಚಿಗಟ್ಟಿದ ಕಪ್ಪು ಬಂಡೆ ಇವನ್ನೆಲ್ಲ ಇದ್ದದ್ದೇ ಎಂದು ಇಟ್ಟುಕೊಂಡು, ಎಫ್/16 ಹಾಕಿ, ಐಎಸ್‌ಒ 100 ಇಡಿ, ಅರ್ಧ ಸೆಕೆಂಡು ತೆರೆಯಿರಿ ಎಂದು ಹೇಳಿ ಮುಗಿಸುತ್ತಾರೆ. (ಎಫ್ ಎಂಬುದು ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು; ಐಎಸ್‌ಒ ಎಂಬುದು ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬುದರ ಅಳತೆ.) ಆಗಸ್ಟ್ ತಿಂಗಳ ಬೆಳಿಗ್ಗೆ ಹತ್ತು ಗಂಟೆಗೆ ಸಾಣಾಪುರದ ಬಂಡೆಗಳ ಮೇಲೆ ಈ ಸೂತ್ರವನ್ನು ಪ್ರಯೋಗಿಸಿದರೆ ಕ್ಯಾಮೆರಾದ ಪರದೆಯಲ್ಲಿ ಬಿಳಿ ಬಣ್ಣ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಕಾರಣ ಸರಳ. ತುಂಗಭದ್ರೆ ತುಂಬುವುದು ನಮ್ಮ ಮಳೆಯಿಂದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಕೊಪ್ಪಳ, ರಾಯಚೂರಿನ ಕಡೆ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಮಳೆ ಅಲ್ಲಿ, ಹೊಳೆ ಇಲ್ಲಿ. ನಮ್ಮಲ್ಲಿ ನದಿ ಉಕ್ಕಿ ಹರಿಯುವ ದಿನವೂ ತಲೆಯ ಮೇಲೆ ಸುಡುವ ಬಿಸಿಲಿರುತ್ತದೆ, ಸುತ್ತ ಒಂದು ಮರದ ನೆರಳೂ ಇರುವುದಿಲ್ಲ, ತಿಳಿಬೂದು ಗ್ರಾನೈಟ್ ಬಂಡೆಗಳು ಬೆಳಕನ್ನು ಕಣ್ಣಿಗೆ ಹೊಡೆಯುತ್ತಿರುತ್ತವೆ. ಅದರ ಮೇಲೆ ಆಷಾಢದ ಗಾಳಿ. ಆದ್ದರಿಂದ ನಮ್ಮ ಲೆಕ್ಕವೇ ಬೇರೆ ಆಗಬೇಕು: ಎಷ್ಟು ನಿಧಾನ ಎಂಬುದನ್ನು ನೀರಿನ ವೇಗ ನೋಡಿ ತೀರ್ಮಾನಿಸಬೇಕು, ಆಮೇಲೆ ಆ ನಿಧಾನಕ್ಕೆ ತಕ್ಕಂತೆ ಬೆಳಕನ್ನು ಕತ್ತರಿಸಬೇಕು. ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ.

ನೀರು ಎಲ್ಲಿದೆ, ಯಾವಾಗ ಇದೆ

ಮಲೆನಾಡಿನ ಜಲಪಾತಕ್ಕೆ ಹೋಗುವವರು ಹವಾಮಾನ ವರದಿ ನೋಡುತ್ತಾರೆ. ನಾವು ನೋಡಬೇಕಾದದ್ದು ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ಜಲಾಶಯದ ಒಳಹರಿವು, ಹೊರಹರಿವಿನ ಅಂಕಿಯನ್ನು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಹೊರಹರಿವು ಹತ್ತು ಸಾವಿರ ಕ್ಯುಸೆಕ್ ಎಂದು ಬರೆದಿದ್ದರೆ ಸೆಕೆಂಡಿಗೆ 283 ಘನ ಮೀಟರ್ ನೀರು ಹೊರಬೀಳುತ್ತಿದೆ ಎಂದರ್ಥ. ಹೊರಹರಿವಿನಲ್ಲಿ ಕಾಲುವೆಗೆ ಬಿಟ್ಟದ್ದೆಷ್ಟು, ನದಿಗೆ ಬಿಟ್ಟದ್ದೆಷ್ಟು ಎಂಬುದನ್ನೂ ನೋಡಿ. ಎರಡೂ ಬೇರೆ ಬೇರೆ ಚಿತ್ರಗಳನ್ನು ಕೊಡುತ್ತವೆ.

ಕಲಿಯುವವರಿಗೆ ನಾನು ಮೊದಲು ಹೇಳುವ ಜಾಗ ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರ ಸುತ್ತಿನ ದಡ. ಒಂದೇ ನದಿ ಇಲ್ಲಿ ನಾಲ್ಕಾರು ಬಗೆಯಲ್ಲಿ ಹರಿಯುತ್ತದೆ. ಬಂಡೆಗಳ ಸಂದಿಯಲ್ಲಿ ಕುದಿಯುವ ನೀರಿದೆ, ಸ್ವಲ್ಪ ದೂರದಲ್ಲೇ ಅಲುಗಾಡದ ಮಡು ಇದೆ, ವಿಜಯನಗರ ಕಾಲದ ಅಣೆಗಳ ಮೇಲಿಂದ ಹಾಳೆಯಂತೆ ಜಾರುವ ನೀರಿದೆ, ಕಾಲುವೆಗೆ ನೀರು ಬಿಟ್ಟಾಗ ಸಾಣಾಪುರದ ಬಳಿ ರಭಸದಿಂದ ಧುಮುಕುವ ನೀರಿದೆ. ಹಂಪಿಗೂ ಆನೆಗೊಂದಿಗೂ ನಡುವೆ ಇದ್ದ ಹಳೆಯ ಸೇತುವೆಯ ಕಲ್ಲುಕಂಬಗಳು ಇಂದಿಗೂ ನದಿಯಲ್ಲಿ ಸಾಲಾಗಿ ನಿಂತಿವೆ. ನಿಧಾನ ಷಟರ್‌ಗೆ ಇದಕ್ಕಿಂತ ಒಳ್ಳೆಯ ವಸ್ತು ಈ ಮೂರು ಜಿಲ್ಲೆಗಳಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರವಾಹದಲ್ಲಿ ಕಂಬಗಳ ಬುಡ ಕಾಣುವುದಿಲ್ಲ. ಅಕ್ಟೋಬರ್ ಕಳೆದ ಮೇಲೆ ನೀರು ಇಳಿದು ತಿಳಿಯಾದಾಗ ಹೋಗಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮುನಿರಾಬಾದಿನಲ್ಲಿ 33 ಕ್ರೆಸ್ಟ್ ಗೇಟುಗಳ (ನೆತ್ತಿಯ ಬಾಗಿಲುಗಳ) ತುಂಗಭದ್ರಾ ಅಣೆಕಟ್ಟನ್ನು ಕೆಳಗಿನಿಂದ ನೋಡುವುದು ಒಂದು ಅನುಭವ, ಆದರೆ ಅಲ್ಲಿ ಹನಿ ಹಾರಿ ಲೆನ್ಸ್ ಒದ್ದೆಯಾಗುತ್ತದೆ, ಭದ್ರತೆಯ ನಿರ್ಬಂಧಗಳೂ ಇವೆ. ಟ್ರೈಪಾಡ್ ಬಿಚ್ಚುವ ಮೊದಲು ಕಾವಲಿನವರನ್ನು ಕೇಳಿ. ಕುಷ್ಟಗಿ ತಾಲ್ಲೂಕಿನ ಕಬ್ಬರಗಿ ಬಳಿಯ ಕಪಿಲತೀರ್ಥ ಸ್ಥಳೀಯ ಮಳೆಯನ್ನೇ ನಂಬಿದ ಜಲಪಾತ. ಮಳೆಯಾದ ಮರುದಿನವೇ ಹೋಗಬೇಕು. ರಾಯಚೂರು ಜಿಲ್ಲೆಯವರಿಗೆ ಲಿಂಗಸುಗೂರು ತಾಲ್ಲೂಕಿನ ಜಲದುರ್ಗ, ಗುಂಡಲಬಂಡೆ ಇವೆ. ಅಲ್ಲಿ ಕೃಷ್ಣೆ ಹೇಗಿರುತ್ತಾಳೆ ಎಂಬುದನ್ನು ನಾರಾಯಣಪುರದ ಬಸವಸಾಗರದಿಂದ ಬಿಡುವ ನೀರು ನಿರ್ಧರಿಸುತ್ತದೆ. ಬಳ್ಳಾರಿ ಕಡೆಯವರಿಗೆ ಕಂಪ್ಲಿಯ ಸೇತುವೆಯ ಸುತ್ತ ತುಂಗಭದ್ರೆ, ಸಂಡೂರಿನ ಗುಡ್ಡಗಳ ನಡುವೆ ಮಳೆಗಾಲದ ಹಳ್ಳಗಳು. ಹಗರಿ ನದಿಯಲ್ಲಿ ವರ್ಷದ ಬಹುಪಾಲು ಮರಳೇ ಕಾಣುವುದರಿಂದ ಅದನ್ನು ನೆಚ್ಚಿಕೊಳ್ಳಬೇಡಿ.

ಕ್ಯಾಮೆರಾಕ್ಕಿಂತ ಮುಂಚೆ ಜೀವ

ಅಣೆಕಟ್ಟಿನ ಕೆಳಗಿನ ನದಿಗೆ ಒಂದು ಗುಣವಿದೆ: ಮಳೆಯಿಲ್ಲದೆ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಾಗ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಅಂಥದ್ದು ಅಪರೂಪ, ನಿಜ. ಆದರೆ ಒಳಹರಿವು ಹೆಚ್ಚಾದ ದಿನ ಗೇಟು ತೆರೆಯುವುದು ಪ್ರತಿ ಮಳೆಗಾಲದ ಮಾಮೂಲಿ ಕೆಲಸ. ನದಿಪಾತ್ರದ ಹಳ್ಳಿಗಳಿಗೆ ಎಚ್ಚರಿಕೆ ಕೊಟ್ಟಿದ್ದಾರೆ ಎಂಬ ಸುದ್ದಿ ಬಂದ ದಿನ ನದಿಯ ನಡುವಿನ ಬಂಡೆಗೆ ಹೋಗುವ ಮಾತೇ ಬೇಡ.

ಮಾಮೂಲಿ ದಿನಗಳಲ್ಲೂ ಒಂದು ಅಭ್ಯಾಸ ಇಟ್ಟುಕೊಳ್ಳಿ. ಟ್ರೈಪಾಡ್ ಇಡುವ ಮೊದಲು ನೀರಿನ ಅಂಚಿನಲ್ಲಿ ಬಂಡೆಯ ಮೇಲೆ ಒಂದು ಬೆಣಚುಕಲ್ಲು ಇಡಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಅದನ್ನು ನೋಡಿ. ಕಲ್ಲು ಒದ್ದೆಯಾಗಿದ್ದರೆ, ಚಿತ್ರ ಎಷ್ಟೇ ಚೆನ್ನಾಗಿ ಕೂಡಿಬರುತ್ತಿದ್ದರೂ ಎದ್ದು ಬನ್ನಿ. ನೀರು ಸವೆಸಿದ ಗ್ರಾನೈಟ್ ಒಣಗಿದ್ದಾಗ ಪಾದಕ್ಕೆ ಹಿಡಿತ ಕೊಡುತ್ತದೆ, ಪಾಚಿ ಹತ್ತಿ ಒದ್ದೆಯಾದರೆ ನಿಲ್ಲಗೊಡುವುದಿಲ್ಲ. ನೀರಿನೊಳಗೆ ಸುಳಿ ಕೊರೆದ ಆಳವಾದ ಗುಂಡಿಗಳಿವೆ. ಮೊಣಕಾಲು ನೀರು ಎಂದು ಇಳಿದವರು ಮುಂದಿನ ಹೆಜ್ಜೆಗೆ ಮುಳುಗಿದ್ದಾರೆ. ಸಾಣಾಪುರದ ಸುತ್ತ ಸಾವುಗಳಾಗಿವೆ, ಈಜು ಬಲ್ಲವರದ್ದೂ. ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬಂಡೆಯ ಸಂದಿಯಲ್ಲಿ ಮೀನಿನ ಮುಳ್ಳು ತುಂಬಿದ ಹಿಕ್ಕೆ ಕಂಡರೆ ಅದು ಅವುಗಳ ಮನೆಯಂಗಳ. ನಿಮ್ಮ ಚಿತ್ರಕ್ಕೆ ಬೇರೆ ಬಂಡೆ ಹುಡುಕಿಕೊಳ್ಳಿ.

ಚೀಲದಲ್ಲಿ ಏನಿರಬೇಕು

ಷಟರ್ ಸ್ಪೀಡನ್ನು ಕೈಯಾರೆ ನಿಗದಿ ಮಾಡಲು ಬಿಡುವ ಯಾವ ಕ್ಯಾಮೆರಾ ಆದರೂ ಸಾಕು. ಹತ್ತು ವರ್ಷ ಹಳೆಯ ಡಿಎಸ್‌ಎಲ್‌ಆರ್ ಈ ಕೆಲಸಕ್ಕೆ ಧಾರಾಳವಾಗಿ ಆಗುತ್ತದೆ. ಹಣ ಹಾಕಬೇಕಾದದ್ದು ಟ್ರೈಪಾಡಿಗೆ ಮತ್ತು ಫಿಲ್ಟರಿಗೆ.

ಟ್ರೈಪಾಡ್ ಹಗುರವಾಗಿದ್ದರೆ ಆಷಾಢದ ಗಾಳಿ ಅದನ್ನು ಅಲುಗಿಸುತ್ತದೆ. ನಡುವಿನ ಕಂಬವನ್ನು ಮೇಲೆತ್ತಬೇಡಿ. ಕೊಕ್ಕೆಗೆ ಚೀಲ ನೇತುಹಾಕುವುದಾದರೆ ಅದು ನೆಲಕ್ಕೆ ತಾಗುವಂತಿರಲಿ, ಇಲ್ಲದಿದ್ದರೆ ಗಾಳಿಗೆ ಚೀಲವೇ ತೂಗಾಡಿ ಕ್ಯಾಮೆರಾವನ್ನೂ ತೂಗುತ್ತದೆ. ಕಾಲುಗಳನ್ನು ಹರಿಯುವ ನೀರಿನಲ್ಲಿ ಇಟ್ಟರೆ ಸಣ್ಣ ನಡುಕ ಬಂದೇ ಬರುತ್ತದೆ. ಒಣ ಬಂಡೆ ಸಿಗದಿದ್ದಾಗ ಮಾತ್ರ ಹಾಗೆ ಮಾಡಿ. ಮರಳಿನಲ್ಲಾದರೆ ಕಾಲುಗಳನ್ನು ಗಟ್ಟಿ ನೆಲ ಸಿಗುವವರೆಗೆ ಒತ್ತಿ.

ಎನ್‌ಡಿ ಫಿಲ್ಟರ್ ಎಂದರೆ ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಕಪ್ಪು ಗಾಜು. ಒಂದು ಸ್ಟಾಪ್ ಎಂದರೆ ಬೆಳಕನ್ನು ಅರ್ಧಕ್ಕೆ ಇಳಿಸುವ ಹಂತ. ಮೂರು ಸ್ಟಾಪಿನದು ಬೆಳಕನ್ನು ಎಂಟನೇ ಒಂದಕ್ಕೆ, ಆರು ಸ್ಟಾಪಿನದು 64ನೇ ಒಂದಕ್ಕೆ, ಹತ್ತು ಸ್ಟಾಪಿನದು ಸುಮಾರು ಸಾವಿರನೇ ಒಂದಕ್ಕೆ ಇಳಿಸುತ್ತದೆ. ಅಂಗಡಿಯಲ್ಲಿ ಇವನ್ನು ಎನ್‌ಡಿ8, ಎನ್‌ಡಿ64, ಎನ್‌ಡಿ1000 ಎಂದು ಕೇಳಿ. ಒಂದನ್ನೇ ಕೊಳ್ಳುವ ಹಾಗಿದ್ದರೆ ಆರು ಸ್ಟಾಪಿನದನ್ನು ಕೊಳ್ಳಿ. ಎಲ್ಲರೂ ಹತ್ತು ಸ್ಟಾಪಿನದರ ಹಿಂದೆ ಬೀಳುತ್ತಾರೆ; ನಮ್ಮ ಹೊಳೆಗಳ ವೇಗಕ್ಕೆ ಅದು ಹೆಚ್ಚಿನ ಸಲ ಅತಿಯಾಗುತ್ತದೆ. ತಿರುಗಿಸಿ ಹೆಚ್ಚು ಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ಅನುಕೂಲಕರ, ಆದರೆ ಅಗಲ ಲೆನ್ಸಿನಲ್ಲಿ ಕೊನೆಯವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಅಡ್ಡಾದಿಡ್ಡಿ ಕಪ್ಪು ಛಾಯೆ ಬರುತ್ತದೆ. ಫಿಲ್ಟರನ್ನು ನಿಮ್ಮಲ್ಲಿರುವ ಅತಿ ದೊಡ್ಡ ಲೆನ್ಸಿನ ಅಳತೆಗೆ ಕೊಂಡು, ಉಳಿದವಕ್ಕೆ ಸ್ಟೆಪ್-ಅಪ್ ಉಂಗುರ ಹಾಕಿಕೊಂಡರೆ ಹಣ ಉಳಿಯುತ್ತದೆ.

ಪೋಲರೈಸರನ್ನು, ಅಂದರೆ ಪ್ರತಿಫಲಿಸುವ ಹೊಳಪನ್ನು ತಡೆಯುವ, ತಿರುಗಿಸಬಲ್ಲ ಫಿಲ್ಟರನ್ನು ಮರೆಯಬೇಡಿ. ಒದ್ದೆ ಬಂಡೆಯ ಮೇಲಿನ ಹೊಳಪನ್ನು ಯಾವ ತಂತ್ರಾಂಶವೂ ಆಮೇಲೆ ತೆಗೆಯಲಾರದು, ಇದು ಅಲ್ಲೇ ತೆಗೆಯುತ್ತದೆ. ಜೊತೆಗೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನೂ ತಿನ್ನುತ್ತದೆ. ಇಲ್ಲಿ ಅದು ಲಾಭವೇ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡುವಾಗ ಇದರ ಪರಿಣಾಮ ಅತಿ ಹೆಚ್ಚು. ಆದರೆ ಹೊಳಪನ್ನು ಪೂರ್ತಿ ತೆಗೆದರೆ ನೀರು ನಿರ್ಜೀವವಾಗಿ ಕಾಣುತ್ತದೆ, ಅರ್ಧಕ್ಕೆ ನಿಲ್ಲಿಸಿ. ಇನ್ನು ಒಂದು ಹತ್ತಿ ಬಟ್ಟೆ, ರಿಮೋಟ್ ಅಥವಾ ಎರಡು ಸೆಕೆಂಡಿನ ಟೈಮರ್, ಕುಡಿಯುವ ನೀರು, ಟೋಪಿ.

ಎಷ್ಟು ಸೆಕೆಂಡು? ನೊರೆಯನ್ನು ಕೇಳಿ

ಎಲ್ಲದಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಚಿತ್ರದಲ್ಲಿ ನೀರು ಹೇಗೆ ಕಾಣುತ್ತದೆ ಎಂಬುದನ್ನು ಸೆಕೆಂಡು ಒಂದೇ ನಿರ್ಧರಿಸುವುದಿಲ್ಲ. ಷಟರ್ ತೆರೆದಿರುವಷ್ಟು ಹೊತ್ತಿನಲ್ಲಿ ನೀರು ಚೌಕಟ್ಟಿನ ಎಷ್ಟು ಭಾಗವನ್ನು ದಾಟಿತು ಎಂಬುದು ನಿರ್ಧರಿಸುತ್ತದೆ. ಅದೇ ನೀರು ಅಗಲ ಲೆನ್ಸಿನಲ್ಲಿ ನಿಧಾನವಾಗಿ ದಾಟುತ್ತದೆ, ಟೆಲಿ ಲೆನ್ಸಿನಲ್ಲಿ ಸರ್ರನೆ ದಾಟುತ್ತದೆ. ಫುಲ್-ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 24 ಮಿಲಿಮೀಟರ್ ಲೆನ್ಸ್ ಹತ್ತು ಮೀಟರ್ ದೂರದಲ್ಲಿ 15 ಮೀಟರ್ ಅಗಲದ ನೋಟವನ್ನು ಹಿಡಿಯುತ್ತದೆ. 70 ಮಿಲಿಮೀಟರ್ ಲೆನ್ಸ್ ಸುಮಾರು ಐದು ಮೀಟರನ್ನು ಮಾತ್ರ. ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರು ಮೊದಲನೆಯದರಲ್ಲಿ ಒಂದು ಸೆಕೆಂಡಿಗೆ ಹದಿನೈದನೇ ಒಂದು ಭಾಗ ಚಲಿಸಿದರೆ ಎರಡನೆಯದರಲ್ಲಿ ಐದನೇ ಒಂದು ಭಾಗ ಚಲಿಸುತ್ತದೆ. ‘ಜಲಪಾತಕ್ಕೆ ಇಂತಿಷ್ಟು ಸೆಕೆಂಡು’ ಎಂಬ ಪಟ್ಟಿಗಳು ಕೈಕೊಡುವುದು ಇದೇ ಕಾರಣಕ್ಕೆ.

ಹೊಳೆಯ ದಡದಲ್ಲಿ ಕ್ಯಾಲ್ಕುಲೇಟರ್ ಬೇಡ. ನೀರಿನ ಮೇಲೆ ಯಾವಾಗಲೂ ನೊರೆಯ ಗುಳ್ಳೆಗಳೋ ಒಣ ಎಲೆಯೋ ತೇಲಿ ಬರುತ್ತಿರುತ್ತವೆ. ಚೌಕಟ್ಟು ನಿಗದಿ ಮಾಡಿದ ಮೇಲೆ ಕ್ಯಾಮೆರಾದ ಪರದೆಯನ್ನೇ ನೋಡುತ್ತ, ಒಂದು ನೊರೆಯ ತುಣುಕು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಎಷ್ಟು ಸೆಕೆಂಡು ಬೇಕು ಎಂದು ಎಣಿಸಿ. ನೀರಿನ ಎಳೆಗಳು ಸ್ಪಷ್ಟವಾಗಿ ಕಾಣಬೇಕೆಂದಿದ್ದರೆ ಆ ಸಂಖ್ಯೆಯ ಇಪ್ಪತ್ತನೇ ಒಂದರಿಂದ ಎಂಟನೇ ಒಂದರವರೆಗಿನ ಸಮಯ ಸಾಕು. ಅರ್ಧಕ್ಕೆ ಹೋದರೆ ಎಳೆಗಳು ಒಂದರೊಳಗೊಂದು ಬೆರೆತು ಮೆತ್ತಗಾಗುತ್ತವೆ. ಪೂರ್ತಿ ಅಷ್ಟೇ ಸಮಯ ಅಥವಾ ಅದಕ್ಕಿಂತ ಹೆಚ್ಚು ಬಿಟ್ಟರೆ ಮಂಜು. ಉದಾಹರಣೆಗೆ ಸಾಣಾಪುರದ ಬಂಡೆಗಳ ನಡುವಿನ ಹರಿವಿನಲ್ಲಿ ನೊರೆ ಎಂಟು ಸೆಕೆಂಡಿನಲ್ಲಿ ಚೌಕಟ್ಟು ದಾಟುತ್ತಿದೆ ಎಂದಿಟ್ಟುಕೊಳ್ಳಿ: 0.4 ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ಪ್ರಯತ್ನಿಸಿ. ನೀರು ಅಡ್ಡಲಾಗಿ ಹೋಗದೆ ನೇರ ನಿಮ್ಮತ್ತಲೇ ಬರುತ್ತಿದ್ದರೆ ಚಲನೆ ಕಡಿಮೆ ಕಾಣುತ್ತದೆ, ಆಗ ಇಮ್ಮಡಿ ಮಾಡಿ.

ಮೇಲಿಂದ ಬೀಳುವ ನೀರಿಗೆ ನೊರೆಯೂ ಬೇಕಿಲ್ಲ, ಶಾಲೆಯ ಭೌತಶಾಸ್ತ್ರ ಸಾಕು. ಐದು ಮೀಟರ್ ಎತ್ತರದಿಂದ ಬೀಳುವ ನೀರು ಕೆಳಗೆ ತಲುಪಲು ಸುಮಾರು ಒಂದು ಸೆಕೆಂಡು ತೆಗೆದುಕೊಳ್ಳುತ್ತದೆ. ಆ ಧಾರೆ ಚೌಕಟ್ಟಿನ ಪೂರ್ತಿ ಎತ್ತರ ತುಂಬಿದ್ದರೆ 1/20ರಿಂದ 1/8 ಸೆಕೆಂಡಿನಲ್ಲೇ ಎಳೆಗಳು ಸಿಗುತ್ತವೆ. ಒಂದು ಸೆಕೆಂಡು ದಾಟಿದ ಮೇಲೆ ಧಾರೆಯಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಕೆಳಗಿನ ಮಡುವಿನ ನೀರು ಮಾತ್ರ ಇನ್ನಷ್ಟು ನಯವಾಗುತ್ತದೆ. ಕಪಿಲತೀರ್ಥದಂಥ ತೆಳು ಧಾರೆಗೆ ಇನ್ನೊಂದು ಮಾತು: ಹನಿಗಳು ಚದುರಿ ಬೀಳುವುದರಿಂದ ನಿಧಾನ ಷಟರ್‌ನಲ್ಲಿ ಧಾರೆ ಅಗಲವಾಗಿ ಕಂಡರೂ ಮಸುಕಾಗುತ್ತದೆ. ಹಿಂದೆ ನೆರಳಲ್ಲಿರುವ ಬಂಡೆ ಇರುವ ಕೋನವನ್ನು ಹುಡುಕಿದರೆ ಮಾತ್ರ ಅದು ಎದ್ದು ಕಾಣುತ್ತದೆ.

ಇಲ್ಲಿ ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ. ಎಲ್ಲ ನೀರನ್ನೂ ಮೂವತ್ತು ಸೆಕೆಂಡು ತೆರೆದು ರಾಯಚೂರಿನ ಮಾರುಕಟ್ಟೆಯಲ್ಲಿ ಸುರಿದ ಹತ್ತಿಯ ರಾಶಿಯಂತೆ ಮಾಡುವ ಚಟ ನನಗೆ ಹಿಡಿಸುವುದಿಲ್ಲ. ಬಂಡೆಗೆ ಬಡಿದು ತಿರುಗುವ ನೀರಿಗೆ ಒಂದು ದಿಕ್ಕಿದೆ, ಸಿಟ್ಟಿದೆ. ಕಾಲು ಸೆಕೆಂಡಿನಲ್ಲಿ ಅದು ಉಳಿಯುತ್ತದೆ, ನಾಲ್ಕು ಸೆಕೆಂಡಿನಲ್ಲಿ ಅಳಿಸಿಹೋಗುತ್ತದೆ. ಅಣೆಯ ಮೇಲಿಂದ ಜಾರುವ ನೀರೂ ಹಾಗೆಯೇ. ಕಲ್ಲು ಜೋಡಣೆಯ ಏರುತಗ್ಗು ನೀರಿನ ಹಾಳೆಯ ಮೇಲೆ ಗೀರುಗಳಾಗಿ ಮೂಡುತ್ತದೆ, ಅದನ್ನು ಹಿಡಿಯಲು 1/4 ಸೆಕೆಂಡು ಬೇಕಾದಷ್ಟಾಯಿತು. ದೀರ್ಘ ಎಕ್ಸ್‌ಪೋಷರ್ ನಿಜವಾಗಿ ಸಲ್ಲುವುದು ಮೊದಲೇ ಶಾಂತವಾಗಿರುವ ನೀರಿಗೆ. ಹಳೆಯ ಸೇತುವೆಯ ಕಂಬಗಳ ಸುತ್ತ ಸಣ್ಣ ಅಲೆಗಳಷ್ಟೇ ಇರುವಾಗ 30 ಸೆಕೆಂಡು ತೆರೆದರೆ ಅಲೆಗಳು ಮಾಯವಾಗಿ ಕಂಬಗಳು ಮಾತ್ರ ನಿಲ್ಲುತ್ತವೆ. ಅಲ್ಲಿ ಹತ್ತು ಸ್ಟಾಪಿನ ಫಿಲ್ಟರಿಗೆ ಕೆಲಸವಿದೆ.

ಬಿಸಿಲಿನ ಲೆಕ್ಕ

ಸೆಕೆಂಡು ತೀರ್ಮಾನವಾಯಿತು. ಈಗ ಅಷ್ಟು ಹೊತ್ತು ತೆರೆದಿಡಲು ಬೆಳಕನ್ನು ಎಷ್ಟು ಕತ್ತರಿಸಬೇಕು? ಫಿಲ್ಮ್ ಕಾಲದ ಹಳೆಯ ನಿಯಮ ಇಂದಿಗೂ ನಡೆಯುತ್ತದೆ: ಪೂರ್ಣ ಬಿಸಿಲಿನಲ್ಲಿ ಐಎಸ್‌ಒ 100, ಎಫ್/16 ಇದ್ದರೆ ಷಟರ್ 1/100ರ ಹತ್ತಿರ. ಮೂರು ಸ್ಟಾಪ್ ಫಿಲ್ಟರ್ ಹಾಕಿದರೆ ಅದು 1/12 ಆಗುತ್ತದೆ, ಆರು ಸ್ಟಾಪಿಗೆ ಸುಮಾರು 0.6 ಸೆಕೆಂಡು, ಹತ್ತು ಸ್ಟಾಪಿಗೆ ಹತ್ತು ಸೆಕೆಂಡು. ಎಫ್/11ಕ್ಕೆ ತಂದರೆ ಎಲ್ಲವೂ ಅರ್ಧ: 1/24, 0.3 ಸೆಕೆಂಡು, ಐದು ಸೆಕೆಂಡು. ಕುದಿಯುವ ನೀರಿಗೆ ನಮಗೆ ಬೇಕಾದ 1/4ರಿಂದ ಒಂದು ಸೆಕೆಂಡಿನ ವ್ಯಾಪ್ತಿ ಮಧ್ಯಾಹ್ನದ ಬಿಸಿಲಲ್ಲೂ ಆರು ಸ್ಟಾಪಿನ ಗಾಜೊಂದರಿಂದ ಸಿಗುತ್ತದೆ. ಅದನ್ನೇ ಕೊಳ್ಳಿ ಎಂದದ್ದು ಅದಕ್ಕೇ.

ಎಫ್/22ಕ್ಕೆ ಹೋಗಿ ಫಿಲ್ಟರಿನ ಹಣ ಉಳಿಸುತ್ತೇನೆ ಎನ್ನುವವರಿದ್ದಾರೆ. ಕಿರಿದಾದ ಕಿಂಡಿಯಲ್ಲಿ ಬೆಳಕು ಬಾಗಿ ಹರಡಿ ಇಡೀ ಚಿತ್ರದ ಮೊನಚು ತಗ್ಗುತ್ತದೆ. ಗ್ರಾನೈಟಿನ ಕಣಕಣ ಕಾಣಬೇಕಾದ ಚಿತ್ರಕ್ಕೆ ಅದು ನಷ್ಟ. ಎಫ್/8ರಿಂದ ಎಫ್/11ರ ನಡುವೆ ಇರಿ. ಮೇಲಾಗಿ ಎಫ್/22ರಲ್ಲಿ ಸೆನ್ಸರಿನ ಮೇಲಿನ ಪ್ರತಿ ಧೂಳಿನ ಕಣವೂ ಕಪ್ಪು ಚುಕ್ಕೆಯಾಗಿ ಎದ್ದು ಬರುತ್ತದೆ, ನಮ್ಮ ಕಡೆ ಧೂಳಿಗೇನು ಬರ.

ಫಿಲ್ಟರ್ ಇಲ್ಲದವರಿಗೆ ಉಳಿದಿರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಸೂರ್ಯ ಹುಟ್ಟುವ ಹೊತ್ತಿಗೆ ಎಫ್/11ರಲ್ಲಿ 1/15ರ ಆಸುಪಾಸು ಸಿಗುತ್ತದೆ. ಅದಕ್ಕೂ ಇಪ್ಪತ್ತು ನಿಮಿಷ ಮುಂಚೆ ಬಂದರೆ ಕೆಲವು ಸೆಕೆಂಡುಗಳೇ ಸಿಗುತ್ತವೆ. ಆ ಹೊತ್ತಿನಲ್ಲಿ ಗಾಳಿಯೂ ಕಡಿಮೆ, ಜನವೂ ಕಡಿಮೆ. ಆದರೆ ಜಾಗವನ್ನು ಹಿಂದಿನ ದಿನ ಹಗಲಿನಲ್ಲೇ ನೋಡಿಟ್ಟುಕೊಂಡಿರಬೇಕು, ಕತ್ತಲಲ್ಲಿ ಬಂಡೆ ಹತ್ತುವ ಸಾಹಸ ಬೇಡ.

ಸ್ಥಳದಲ್ಲಿ, ಒಂದಾದ ಮೇಲೊಂದು

ಟ್ರೈಪಾಡ್ ಇಲ್ಲದೆ ಸುಮ್ಮನೆ ಕ್ಯಾಮೆರಾ ಹಿಡಿದು ತಿರುಗಾಡಿ ಚೌಕಟ್ಟು ಹುಡುಕಿ. ನೀರು ಚೆನ್ನಾಗಿ ಹರಿಯುತ್ತಿದೆ ಎಂಬುದೊಂದೇ ಸಾಲದು, ಚಿತ್ರದಲ್ಲಿ ಅಲುಗಾಡದ ಗಟ್ಟಿ ವಸ್ತುವೊಂದು ಇರಬೇಕು. ಆನೆಗೊಂದಿಯಲ್ಲಿ ಅದಕ್ಕೆ ಬರವಿಲ್ಲ: ಕಲ್ಲುಗುಂಡುಗಳಿವೆ, ಮಂಟಪದ ಕಂಬಗಳಿವೆ, ದೂರದಲ್ಲಿ ಅಂಜನಾದ್ರಿ ಇದೆ. ಹರಿಗೋಲು ಮಾತ್ರ ಮೋಸ ಮಾಡುತ್ತದೆ. ದಡಕ್ಕೆ ಕಟ್ಟಿದ್ದರೂ ನೀರಿನ ಮೇಲಿದ್ದರೆ ಅದು ಅಲುಗಾಡುತ್ತಲೇ ಇರುತ್ತದೆ. ದಡದ ಮೇಲೆ ಬೋರಲು ಹಾಕಿದ ಹರಿಗೋಲು ಸಿಕ್ಕರೆ ಅದೃಷ್ಟ.

ಚೌಕಟ್ಟು ಸಿಕ್ಕ ಮೇಲೆ ಟ್ರೈಪಾಡ್ ಇಡಿ. ಲೆನ್ಸಿನ ಅಥವಾ ಕ್ಯಾಮೆರಾದ ಸ್ಥಿರೀಕರಣವನ್ನು ಆರಿಸಿ; ಕೆಲವು ಕ್ಯಾಮೆರಾಗಳಲ್ಲಿ ಅದು ಟ್ರೈಪಾಡಿನ ಮೇಲೆ ಇಲ್ಲದ ಅಲುಗಾಟವನ್ನು ಸರಿಪಡಿಸಲು ಹೋಗಿ ತಾನೇ ಅಲುಗಾಡುತ್ತದೆ. ಫೈಲ್ ರಾ (ಸಂಸ್ಕರಿಸದ ಮೂಲ) ರೂಪದಲ್ಲಿರಲಿ. ಪೋಲರೈಸರನ್ನು ತಿರುಗಿಸಿ ಸರಿಮಾಡಿ. ಎನ್‌ಡಿ ಹಾಕುವ ಮೊದಲೇ ಬಂಡೆಯ ಮೇಲೆ ಫೋಕಸ್ ಮಾಡಿ, ಕೂಡಲೇ ಮ್ಯಾನುಯಲ್ ಫೋಕಸಿಗೆ ಬದಲಿಸಿ. ಕಪ್ಪು ಗಾಜಿನ ಹಿಂದಿನಿಂದ ಆಟೋಫೋಕಸ್ ತಡಕಾಡುತ್ತದೆ.

ಈಗ ಎನ್‌ಡಿ ಇಲ್ಲದೆ ಒಂದು ಪರೀಕ್ಷಾ ಚಿತ್ರ ತೆಗೆಯಿರಿ. ಹಿಸ್ಟೋಗ್ರಾಂ ನೋಡಿ: ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇರುವ ಬೆಳಕಿನ ಹಂಚಿಕೆಯ ನಕ್ಷೆ ಅದು. ನೀರಿನ ಅತಿ ಬಿಳಿಯ ಭಾಗ ಬಲ ಅಂಚಿಗೆ ತಾಗದೆ ಹತ್ತಿರ ನಿಲ್ಲಬೇಕು. ಬಿಸಿಲಿನಲ್ಲಿ ನೊರೆ ಮತ್ತು ಗ್ರಾನೈಟ್ ಎರಡೂ ಹೊಳೆಯುವುದರಿಂದ ಮೊದಲು ಕೈಬಿಟ್ಟು ಹೋಗುವುದು ನೀರೇ. ಒಮ್ಮೆ ಬಿಳಿಯಾಗಿ ಸುಟ್ಟುಹೋದ ಎಳೆಯನ್ನು ಮರಳಿ ತರುವ ದಾರಿ ಇಲ್ಲ, ಕಪ್ಪಾದ ಬಂಡೆಯನ್ನು ಬೇಕಾದರೆ ಎತ್ತಬಹುದು. ಆ ಷಟರ್ ಸ್ಪೀಡನ್ನು ನೆನಪಿಟ್ಟುಕೊಂಡು, ಫಿಲ್ಟರಿನ ಸ್ಟಾಪಿನಷ್ಟು ಸಲ ಇಮ್ಮಡಿ ಮಾಡಿ: 1/100 ಇದ್ದರೆ 1/50, 1/25, 1/12, 1/6, 1/3, ಆರನೆಯದಕ್ಕೆ 0.6. ಮ್ಯಾನುಯಲ್ ಮೋಡಿನಲ್ಲಿ ಅದನ್ನು ಹಾಕಿ, ಫಿಲ್ಟರನ್ನು ನಿಧಾನವಾಗಿ ತಿರುಗಿಸಿ ಕೂರಿಸಿ. ನೀವು ನೊರೆಯಿಂದ ಎಣಿಸಿದ ಸಮಯಕ್ಕೂ ಇದಕ್ಕೂ ವ್ಯತ್ಯಾಸವಿದ್ದರೆ ಎಫ್/8 ಮತ್ತು ಎಫ್/16ರ ನಡುವೆ ಅಪರ್ಚರ್ (ಲೆನ್ಸಿನ ಕಿಂಡಿ) ಬದಲಿಸಿ ಹೊಂದಿಸಿ. ಸಾಲದಿದ್ದರೆ ಐಎಸ್‌ಒ 200 ಮಾಡಿ.

ಡಿಎಸ್‌ಎಲ್‌ಆರ್ ಆದರೆ ಕಣ್ಣಿಟ್ಟು ನೋಡುವ ಕಿಂಡಿಯನ್ನು ಮುಚ್ಚಿ. ಬೆನ್ನ ಹಿಂದಿನ ಸೂರ್ಯನ ಬೆಳಕು ಅಲ್ಲಿಂದ ನುಸುಳಿ, ಮಾಪನವನ್ನು ಕೆಡಿಸುತ್ತದೆ, ದೀರ್ಘ ಎಕ್ಸ್‌ಪೋಷರ್‌ನಲ್ಲಿ ಚಿತ್ರದ ಮೇಲೂ ಕಲೆ ಬಿಡಬಹುದು. ಟೈಮರಿನಿಂದ ಅಥವಾ ರಿಮೋಟಿನಿಂದ ಕ್ಲಿಕ್ಕಿಸಿ. ಒಂದೇ ಚೌಕಟ್ಟನ್ನು ಬೇರೆ ಬೇರೆ ಸಮಯದಲ್ಲಿ ತೆಗೆಯಿರಿ: 1/8, 1/4, 1/2, 1, 2. ಮತ್ತೆ ಒಂದೇ ಸಮಯದಲ್ಲಿ ಹಲವು ಸಲ ತೆಗೆಯಿರಿ, ಏಕೆಂದರೆ ನೀರು ಒಂದೇ ಆಕಾರದಲ್ಲಿ ಎರಡು ಸಲ ಬೀಳುವುದಿಲ್ಲ. 30 ಸೆಕೆಂಡು ದಾಟಬೇಕಾದರೆ ಬಲ್ಬ್ ಮೋಡ್ (ಗುಂಡಿ ಒತ್ತಿರುವಷ್ಟು ಹೊತ್ತು ಷಟರ್ ತೆರೆದಿರುವ ಕ್ರಮ), ಕೈಗಡಿಯಾರ.

ಹೊಸ ನೀರು ಬಂದಾಗ

ಮುಂಗಾರಿನ ಮೊದಲ ನೆರೆಯಲ್ಲಿ ಹೊಳೆಗೆ ಹೊಸ ನೀರು ಬರುತ್ತದೆ. ಕೆಂಪಾಗಿ, ಕಸಕಡ್ಡಿ ಹೊತ್ತು ಬರುವ ಆ ನೀರನ್ನು ಕಂಡು ಹೆಚ್ಚಿನ ಛಾಯಾಗ್ರಾಹಕರು ಕ್ಯಾಮೆರಾ ಒಳಗಿಡುತ್ತಾರೆ. ನಿಧಾನ ಷಟರ್‌ನಲ್ಲಿ ಕೆಸರು ನೀರು ಮಂಕಾಗುವುದು ನಿಜ. ನೊರೆಗೂ ನೀರಿಗೂ ಬಣ್ಣದ ಅಂತರ ಕಡಿಮೆ, ಎಳೆಗಳು ಎದ್ದು ಬರುವುದಿಲ್ಲ. ಹಾಗಾಗಿ ಸಮಯ ಕಡಿಮೆ ಮಾಡಿ, 1/15ರಿಂದ 1/8. ಸೂರ್ಯ ಪಕ್ಕದಿಂದ ಅಥವಾ ಎದುರಿನಿಂದ ಬರುವಂತೆ ನಿಂತರೆ ಅಲೆಗಳ ಬೆನ್ನು ಹೊಳೆದು ಆಕಾರ ಸಿಗುತ್ತದೆ. ಇಲ್ಲಿ ಪೋಲರೈಸರ್ ತೆಗೆದುಬಿಡಿ, ಆ ಹೊಳಪೇ ಬೇಕಾದದ್ದು. ವೈಟ್ ಬ್ಯಾಲೆನ್ಸನ್ನು (ಬಣ್ಣದ ಹೊಂದಾಣಿಕೆಯನ್ನು) ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಕೆಂಪನ್ನು ದೋಷವೆಂದು ತಿಳಿದು ಅಳಿಸಲು ನೋಡುತ್ತದೆ. ಬಿಸಿಲಿನ ಗುರುತಿಗೆ ಹಾಕಿಡಿ. ನದಿಯ ಆ ಬಣ್ಣ ವರ್ಷದಲ್ಲಿ ಕೆಲವು ವಾರ ಮಾತ್ರ ಸಿಗುವಂಥದ್ದು.

ಫಿಲ್ಟರ್ ಇಲ್ಲದೆ, ಮೊಬೈಲಿನಲ್ಲಿ

ಟ್ರೈಪಾಡ್ ಇದ್ದು ಎನ್‌ಡಿ ಇಲ್ಲದಿದ್ದರೆ ಒಂದೇ ಚೌಕಟ್ಟಿನಲ್ಲಿ ಹದಿನಾರು ಚಿತ್ರಗಳನ್ನು ಎಡೆಬಿಡದೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಪದರಗಳಾಗಿ ಜೋಡಿಸಿ ಸರಾಸರಿ ತೆಗೆಯಬಹುದು. ಪ್ರತಿಯೊಂದೂ 1/30 ಸೆಕೆಂಡಿನದಾಗಿದ್ದರೆ ಒಟ್ಟು ಅರ್ಧ ಸೆಕೆಂಡಿನ ಹತ್ತಿರದ ಪರಿಣಾಮ ಬರುತ್ತದೆ. ಜೊತೆಗೆ ನಾಯ್ಸ್ (ಚಿತ್ರದ ಮೇಲಿನ ಬೇಡದ ಕಣಕಣ) ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಎರಡು ಚಿತ್ರಗಳ ನಡುವಿನ ಬಿಡುವು ದೊಡ್ಡದಾದರೆ ಎಳೆ ತುಂಡುತುಂಡಾಗಿ ಕಾಣುತ್ತದೆ, ಆದ್ದರಿಂದ ಪ್ರತಿ ಚಿತ್ರವನ್ನೂ ಸಾಧ್ಯವಾದಷ್ಟು ನಿಧಾನ ಷಟರ್‌ನಲ್ಲೇ ತೆಗೆಯಿರಿ. ಸರಾಸರಿಯ ಬದಲು ಮೀಡಿಯನ್ (ನಡುವಿನ ಮೌಲ್ಯ) ಆರಿಸಿದರೆ ಚೌಕಟ್ಟಿನಲ್ಲಿ ಅಡ್ಡಾಡುವ ಪ್ರವಾಸಿಗರೂ ಮಾಯವಾಗುತ್ತಾರೆ. ರಜಾದಿನದ ಸಾಣಾಪುರದಲ್ಲಿ ಇದು ವರ.

ಮೊಬೈಲಿನ ಲೆನ್ಸಿನ ಕಿಂಡಿ ಸಾಮಾನ್ಯವಾಗಿ ಎಫ್/1.8ರ ಆಸುಪಾಸಿನಲ್ಲಿ ಸ್ಥಿರವಾಗಿರುತ್ತದೆ, ಕಿರಿದು ಮಾಡಲು ಬರುವುದಿಲ್ಲ. ಹಾಗಾಗಿ ಪ್ರೊ ಮೋಡಿನಲ್ಲಿ ಷಟರ್ ಇಳಿಸಿದ ಕೂಡಲೇ ಹಗಲಿನಲ್ಲಿ ಎಲ್ಲವೂ ಬೆಳ್ಳಗಾಗುತ್ತದೆ. ದಾರಿ ಎರಡು. ಐಫೋನ್ ಇದ್ದರೆ ಲೈವ್ ಫೋಟೋ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಷರ್ ಆಯ್ಕೆ ಮಾಡಿ. ಇತರ ಫೋನುಗಳಲ್ಲಿ ಚಿತ್ರಗಳನ್ನು ಸರಾಸರಿ ಮಾಡಿಕೊಡುವ ಆ್ಯಪ್‌ಗಳಿವೆ, ಕೆಲವು ಪಿಕ್ಸೆಲ್ ಫೋನುಗಳ ಕ್ಯಾಮೆರಾದಲ್ಲೇ ಆ ಸೌಲಭ್ಯವಿದೆ. ಫೋನನ್ನು ಕೈಯಲ್ಲಿ ಹಿಡಿಯದೆ ಬಂಡೆಯ ಮೇಲೆ ಕರವಸ್ತ್ರ ಮಡಚಿಟ್ಟು ಒರಗಿಸಿದರೂ ಫಲಿತಾಂಶ ಬಹಳ ಸುಧಾರಿಸುತ್ತದೆ.

ಬಿಸಿಯಾದ ಸೆನ್ಸರ್

ಬೇಸಿಗೆಯಲ್ಲಿ ರಾಯಚೂರಿನ ತಾಪಮಾನ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಕಾದ ಬಂಡೆಯ ಮೇಲೆ ಕಪ್ಪು ಕ್ಯಾಮೆರಾ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಬೆಳಕಿಲ್ಲದಿದ್ದರೂ ಸೆನ್ಸರಿನಲ್ಲಿ ಹುಟ್ಟುವ ವಿದ್ಯುತ್ ಸುಮಾರು ಪ್ರತಿ 6ರಿಂದ 8 ಡಿಗ್ರಿಗೆ ಇಮ್ಮಡಿಯಾಗುತ್ತದೆ; ಚಿತ್ರದಲ್ಲಿ ಅದು ಕೆಂಪು, ನೀಲಿ ಚುಕ್ಕೆಗಳಾಗಿ ಕಾಣುತ್ತದೆ. ಒಂದು ಸೆಕೆಂಡಿನ ಚಿತ್ರಕ್ಕೆ ಇದರ ಚಿಂತೆ ಬೇಡ. ಒಂದು ನಿಮಿಷದ ಚಿತ್ರಕ್ಕೆ ಬೇಕು. ಬಿಡುವಿನಲ್ಲಿ ಕ್ಯಾಮೆರಾಕ್ಕೆ ಬಿಳಿ ಬಟ್ಟೆ ಹೊದಿಸಿ, ಲೈವ್ ವ್ಯೂ ಆರಿಸಿಡಿ. ಕ್ಯಾಮೆರಾದ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಹಾಕಿದರೆ ಚುಕ್ಕೆಗಳು ಹೋಗುತ್ತವೆ, ಆದರೆ ಪ್ರತಿ ಚಿತ್ರಕ್ಕೂ ಎರಡರಷ್ಟು ಹೊತ್ತು ಕಾಯಬೇಕು. ಅದನ್ನು ಹಾಕದೆ, ಕೊನೆಯಲ್ಲಿ ಲೆನ್ಸಿನ ಮುಚ್ಚಳ ಹಾಕಿ ಅಷ್ಟೇ ಸಮಯದ ಒಂದು ಕಪ್ಪು ಚಿತ್ರ ತೆಗೆದಿಟ್ಟುಕೊಂಡು ಮನೆಯಲ್ಲಿ ಕಳೆಯುವುದು ನನಗೆ ಹಿತ.

ಮನೆಯಲ್ಲಿ

ಮೊದಲು ಬಣ್ಣ. ಅಗ್ಗದ ಎನ್‌ಡಿಗಳು ಚಿತ್ರಕ್ಕೆ ಕಂದು ಅಥವಾ ನೀಲಿ ಛಾಯೆ ಬಳಿಯುತ್ತವೆ; ಫಿಲ್ಟರಿಲ್ಲದೆ ತೆಗೆದ ಪರೀಕ್ಷಾ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಬಂಡೆಯ ಬೂದುಬಣ್ಣವನ್ನು ಹೊಂದಿಸಿ. ಆಮೇಲೆ ಹೈಲೈಟ್ (ಅತಿ ಬೆಳಕಿನ ಭಾಗ) ಇಳಿಸಿ, ನೀರಿನ ಎಳೆಗಳು ಬೇರೆಬೇರೆಯಾಗುವವರೆಗೆ ಮಾತ್ರ. ಇನ್ನೂ ಇಳಿಸಿದರೆ ನೊರೆ ಬೂದಿಯಾಗುತ್ತದೆ. ಕ್ಲಾರಿಟಿಯನ್ನು ಇಡೀ ಚಿತ್ರಕ್ಕೆ ಹಾಕಬೇಡಿ. ಮಾಸ್ಕ್ ಮಾಡಿ ಬಂಡೆಗೆ ಮಾತ್ರ ಸ್ವಲ್ಪ ಹೆಚ್ಚಿಸಿ, ನೀರನ್ನು ಹಾಗೆಯೇ ಬಿಡಿ. ಶಾರ್ಪನಿಂಗ್ ಕೂಡ ಅಷ್ಟೇ. ಹರಿಯುವ ನೀರನ್ನು ಚೂಪು ಮಾಡಲು ಹೋದರೆ ನಾಯ್ಸ್ ಚೂಪಾಗುತ್ತದೆ, ನೀರಲ್ಲ. ಕೊನೆಗೆ ಚಿತ್ರವನ್ನು ನೂರು ಪ್ರತಿಶತಕ್ಕೆ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ನೋಡಿ, ಧೂಳಿನ ಚುಕ್ಕೆಗಳನ್ನೂ ಬಿಸಿ ಪಿಕ್ಸೆಲ್‌ಗಳನ್ನೂ ಒಂದೊಂದಾಗಿ ಅಳಿಸಿ. ಫಿಲ್ಟರಿನ ಮೇಲೆ ಒಣಗಿದ ಹನಿಯ ಕಲೆಗಳನ್ನು ಅಂದೇ ಸಂಜೆ ಶುದ್ಧ ನೀರಿನಿಂದ ಒರೆಸಿಡಿ, ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಬಿಚ್ಚಿ ಮರಳು ತೊಳೆದು ಒಣಗಿಸಿ. ಹಾಗೇ ಮಡಚಿಟ್ಟರೆ ಮುಂದಿನ ಸಲ ತಿರುಪುಗಳು ತಿರುಗುವುದಿಲ್ಲ.